ಉಳ್ಳಾರ್ತಿ ಕಾವಲಿನಲ್ಲಿ ಅರ್ಧ ಗಂಟೆ

ಬೆಳಗಿನ ಐದು ಗಂಟೆ. ಚಳ್ಳಕೆರೆಯ ಎಣ್ಣೆಮಿಲ್ಲುಗಳ ಹಿಂದಿನ ಓಣಿಯಲ್ಲಿ ಶೇಂಗಾ ಹಿಂಡಿಯ ವಾಸನೆ ನೆಲಕ್ಕೆ ಅಂಟಿಕೊಂಡಂತೆ ಮಲಗಿದೆ. ಕ್ಯಾತಪ್ಪ ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ ಹಿಡಿದು ಬಿಳಿ ಜೀಪಿನ ಸುತ್ತ ತಿರುಗುತ್ತಿದ್ದಾರೆ. ಗಾಜು ಒರೆಸುತ್ತಾರೆ, ಟೈರಿಗೆ ಕಾಲಿನಿಂದ ಒದ್ದು ನೋಡುತ್ತಾರೆ, ಇಂಜಿನ್ ಚಾಲೂ ಮಾಡಿ ಬೀಡಿ ಹಚ್ಚುತ್ತಾರೆ. ಬೀಡಿ ಮುಗಿದ ಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಅವರ ಮುಖ ಸಣ್ಣದಾಗುತ್ತದೆ.

"ಎಷ್ಟು ಓಡಿಸಿದ್ರೂ ಹೀಟೇ ಆಗಲ್ಲ ಕಣೇ ಇದು," ಎಂದು ಹೆಂಡತಿಗೆ ದೂರು ಹೇಳುತ್ತಾರೆ.

ಅಂಗಳ ಗುಡಿಸುತ್ತಿರುವ ಯರ್ರಮ್ಮ ಪೊರಕೆ ನಿಲ್ಲಿಸುವುದಿಲ್ಲ. "ಊರಾಗಿನ ಡ್ರೈವರುಗಳೆಲ್ಲ ಗಾಡಿ ಹೀಟಾಗ್ತೈತೆ ಅಂತ ಅಳ್ತಾರೆ. ನಮ್ಮನೆಯೋನು ಒಬ್ಬ ಆಗಲ್ಲ ಅಂತ ಅಳ್ತಾನೆ. ಇಂಕ ಚಾಲು, ಸಾಕು ಬಾ. ಚಾ ಆರ್ತೈತೆ."

ಯರ್ರಮ್ಮ ಮೊಳಕಾಲ್ಮುರಿನ ಆಚೆಯವರು. ಬೈಯುವಾಗ ಅರ್ಧ ತೆಲುಗು ಬರುತ್ತದೆ. ಆಕೆಗೆ ಗಂಡನ ಸಂಕಟ ಗೊತ್ತಿದೆ. ಈ ಜೀಪು ಬಿಸಿಯಾಗದಿರುವುದರಿಂದ ಯಾರೋ ಒಬ್ಬರು ಮುರಿದು ಬೀಳಬಹುದು ಎಂಬ ಭಯ ಮೂರು ವಾರದಿಂದ ಕ್ಯಾತಪ್ಪನವರನ್ನು ಸರಿಯಾಗಿ ಉಣ್ಣಲು ಬಿಟ್ಟಿಲ್ಲ.

ಐವತ್ನಾಲ್ಕರ ಕ್ಯಾತಪ್ಪ 'ತೊಟ್ಟಿಲು' ಎಂಬ ಸೇವಾಸಂಸ್ಥೆಯ ಡ್ರೈವರು. ಹುಟ್ಟಿದ್ದು ದೇವಸಮುದ್ರದ ಹತ್ತಿರದ ಒಂದು ಹಟ್ಟಿಯಲ್ಲಿ. ನಾಲ್ಕನೇ ಕ್ಲಾಸಿನವರೆಗೆ ಶಾಲೆ, ಆಮೇಲೆ ಅಪ್ಪನ ಕುರಿ, ಆಮೇಲೆ ಶೇಂಗಾ ಲಾರಿಯಲ್ಲಿ ಕ್ಲೀನರು, ಕೊನೆಗೆ ಸ್ಟೀರಿಂಗು. ೧೯೯೦ರಲ್ಲಿ ಎಣ್ಣೆಮಿಲ್ಲಿನ ಮನೆತನದ ವಿಶ್ವನಾಥ್ ಅಪ್ಪನ ವ್ಯಾಪಾರ ತಮ್ಮನಿಗೆ ಬಿಟ್ಟು ಈ ಸಂಸ್ಥೆ ಕಟ್ಟಿದಾಗ, ಮಿಲ್ಲಿನ ಲಾರಿ ಓಡಿಸುತ್ತಿದ್ದ ಕ್ಯಾತಪ್ಪನವರನ್ನೂ ಜೊತೆಗೆ ಕರೆದುಕೊಂಡರು. ಸಂಸ್ಥೆಯ ಕೆಲಸ ಹೇಳುವುದಕ್ಕೆ ಸುಲಭ. ಎರಡು ತಾಲ್ಲೂಕುಗಳ ಹಟ್ಟಿಗಳಿಗೆ ಹೋಗಿ, ಐದು ವರ್ಷದೊಳಗಿನ ಮಕ್ಕಳನ್ನು ತೂಗಿ, ತೂಕ ಕಡಿಮೆಯಿದ್ದವರಿಗೆ ಹಿಟ್ಟು ಕೊಟ್ಟು, ಅವರು ಮೈ ತುಂಬಿಕೊಳ್ಳುವವರೆಗೆ ಬೆನ್ನು ಬಿಡದಿರುವುದು.

ದಿನಕ್ಕೆ ಏಳೆಂಟು ಹಳ್ಳಿ, ನೂರಾ ಹತ್ತು ಕಿಲೋಮೀಟರು, ಹಿಂದಿನ ಸೀಟುಗಳಲ್ಲಿ ಐದು ಜನ ಕಾರ್ಯಕರ್ತೆಯರು, ಬೇವಿನ ಕೊಂಬೆಗೆ ನೇತುಹಾಕುವ ಒಂದು ತಕ್ಕಡಿ, ಅರವತ್ತರ ಆಸುಪಾಸು ಮಕ್ಕಳು. ಹದಿನೈದು ವರ್ಷದಲ್ಲಿ ಎಷ್ಟು ಮಕ್ಕಳು ಆ ತಕ್ಕಡಿಯಲ್ಲಿ ಕಾಲು ಬಡಿದು ಅತ್ತಿದ್ದಾರೆ ಎಂಬುದನ್ನು ಸಂಸ್ಥೆಯ ಪುಸ್ತಕಗಳು ಹೇಳುತ್ತವೆ. ತೂಗಿದ ಹೆಣ್ಣುಮಕ್ಕಳ ಸುದ್ದಿ ಅಲ್ಲಿಲ್ಲ. ಅದು ಕ್ಯಾತಪ್ಪನವರಿಗೆ ಗೊತ್ತು, ಏಕೆಂದರೆ ಅವರ ಎದುರಿಗೆ ಒಂದು ಕನ್ನಡಿ ಇದೆ.

"ಬೆಳಿಗ್ಗೆ ಹೋಗೋ ಮಕನೇ ಬ್ಯಾರೆ, ಸಂಜೆ ಬರೋ ಮಕನೇ ಬ್ಯಾರೆ," ಎನ್ನುತ್ತಾರೆ ಅವರು. "ಮೊದಲನೇ ವರ್ಷ ಹಾಡು ಹೇಳ್ಕಂಡು ಬರ್ತಾರೆ. ಎರಡ್ನೇ ವರ್ಷ ಮಾತಾಡ್ಕಂಡು ಬರ್ತಾರೆ. ಆಮೇಲೆ ಹೊರಗೆ ನೋಡ್ಕಂಡು ಬರ್ತಾರೆ. ಅಲ್ಲೀತನ ಪರವಾಗಿಲ್ಲ. ಹೊರಗೂ ನೋಡದಂಗೆ ಕುಂತ್ರೆ ನನಗೆ ಬ್ರೇಕ್ ಮೇಲೆ ಕಾಲು ಹೋಗ್ತೈತೆ."

ಮೊದಲು ಹಾಗೆ ಕುಳಿತವರು ಗಂಗಾಂಬಿಕಾ. ಬಿ.ಜಿ. ಕೆರೆಯ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು, ಬಿ.ಎ. ಓದಿದವರು, ಇಪ್ಪತ್ತೈದರ ಹರೆಯದಲ್ಲಿ ಸಂಸ್ಥೆ ಸೇರಿದವರು. ಜೀಪು ನಿಲ್ಲುವ ಮೊದಲೇ ಹಾರಿ ಇಳಿಯುತ್ತಿದ್ದರು. ಮಗು ಮತ್ತೆ ಮುನ್ನೂರು ಗ್ರಾಂ ಇಳಿದಿದ್ದರೆ ತಾಯಿಯ ಜೊತೆ ತಾವೂ ಊಟ ಬಿಡುತ್ತಿದ್ದರು. ಭಾನುವಾರ ಬಸ್ಸು ಹಿಡಿದು ಒಬ್ಬರೇ ಹಟ್ಟಿಗೆ ಹೋಗಿ ಬರುತ್ತಿದ್ದರು. ಎಲ್ಲರೂ ಹೊಗಳುತ್ತಿದ್ದರು. ಕ್ಯಾತಪ್ಪನವರೂ ಹೊಗಳಿದವರೇ.

೧೯೯೬ರ ಬೇಸಿಗೆ. ಒಂದೇ ಹಟ್ಟಿಯಲ್ಲಿ, ಒಂದೇ ತಿಂಗಳಲ್ಲಿ, ಆಕೆ ವರ್ಷವಿಡೀ ತೂಗಿದ್ದ ಎರಡು ಮಕ್ಕಳು ವಾಂತಿಭೇದಿಯಿಂದ ತೀರಿಕೊಂಡವು. ಎರಡನೆಯ ಮಗುವಿನ ಮನೆಗೆ ಹೋಗಿ ಬರುವ ಸಂಜೆ, ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ, ಗಂಗಾಂಬಿಕಾ ಹಿಂದಿನಿಂದ ಮೆಲ್ಲಗೆ ಹೇಳಿದರು: "ಕ್ಯಾತಣ್ಣ, ಒಂದ್ ಸ್ವಲ್ಪ ನಿಲ್ಲಿಸ್ತೀಯಾ?"

ಆಗಲೇ ಹೊತ್ತಾಗಿತ್ತು. ಆಫೀಸಿನಲ್ಲಿ ಮೀಟಿಂಗಿತ್ತು. "ಇನ್ನೇನು ಊರು ಬಂತಲ್ಲಕ್ಕ, ಹೋಗೇಬಿಡಾನ," ಎಂದು ಕ್ಯಾತಪ್ಪ ಗೇರು ಬದಲಿಸಿದರು.

ಮರುದಿನ ಗಂಗಾಂಬಿಕಾ ಬರಲಿಲ್ಲ. ಅವರು ಬಾಡಿಗೆಗಿದ್ದ ಕೋಣೆಯ ಬಾಗಿಲ ಹೊರಗೆ ತಕ್ಕಡಿ, ತೂಕದ ಪುಸ್ತಕ, ಸಂಸ್ಥೆಯ ಹೆಸರಿದ್ದ ಚೀಲ ಮೂರನ್ನೂ ಒಂದರ ಪಕ್ಕ ಒಂದು ಓರಣವಾಗಿ ಇಟ್ಟಿದ್ದರು. ಒಳಗಿನಿಂದ ಚಿಲಕ. ವಿಶ್ವನಾಥ್ ಕರೆದರು, ಜೊತೆಯವರು ಕರೆದರು. ಮೂರನೆಯ ದಿನ ಅಣ್ಣ ಬಂದು ಬಿ.ಜಿ. ಕೆರೆಗೆ ಕರೆದುಕೊಂಡು ಹೋದ. ಈಗ ಮನೆಯಲ್ಲೇ ಹೊಲಿಗೆ ಮಾಡುತ್ತಾರಂತೆ. ಮಕ್ಕಳ ಬಟ್ಟೆ ಹೊಲಿಯುವುದಿಲ್ಲವಂತೆ.

"ನಿಲ್ಲಿಸಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ," ಎನ್ನುತ್ತಾರೆ ಕ್ಯಾತಪ್ಪ. "ನಿಲ್ಲಿಸಿದ್ರೂ ಹಿಂಗೇ ಆಗ್ತಿತ್ತೇನೋ. ಆದ್ರೆ ಆವಕ್ಕ ಮೂರು ವರ್ಷದಾಗೆ ನನ್ನ ಕೇಳಿದ್ದು ಅದೊಂದೇ."

ಅದಾದ ನಾಲ್ಕನೇ ದಿನದಿಂದ ಸಂಸ್ಥೆಯ ನೀಲಿ ಜೀಪು ಬಿಸಿಯಾಗಲು ಶುರುವಾಯಿತು.

ಅದೂ ಎಲ್ಲೆಂದರಲ್ಲಿ ಅಲ್ಲ. ಉಳ್ಳಾರ್ತಿ ಕಡೆಗೆ ಹೋದ ದಿನ ಕಾವಲಿನ ಅಂಚಿನಲ್ಲಿ, ದೇವಸಮುದ್ರದ ಕಡೆಗೆ ಹೋದ ದಿನ ಬಿ.ಜಿ. ಕೆರೆ ದಾಟಿದ ಮೇಲಿನ ಹುಣಸೆಮರಗಳ ಕೆಳಗೆ, ಸಂಜೆ ಐದರ ಹೊತ್ತಿಗೆ. ಕ್ಯಾತಪ್ಪ ಇಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, "ಕಾದು ಕೆಂಡ ಆಗೈತೆ. ಅರ್ಧ ಗಂಟೆ ಮುಟ್ಟಂಗಿಲ್ಲ. ಇಳೀರಿ ಎಲ್ಲಾರೂ," ಎನ್ನುತ್ತಿದ್ದರು. ಹೆಣ್ಣುಮಕ್ಕಳು ಗೊಣಗಿಕೊಂಡು ಇಳಿಯುತ್ತಿದ್ದರು. ಕಾವಲಿನ ಹುಲ್ಲು ಮೊಣಕಾಲೆತ್ತರ, ಆಚೆ ಮರವಿಲ್ಲ, ಮನೆಯಿಲ್ಲ, ತೂಗಬೇಕಾದ ಮಗುವಿಲ್ಲ. ದೂರದಲ್ಲಿ ಜಿಂಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಮೊದಲ ಐದು ನಿಮಿಷ ಗಡಿಯಾರ ನೋಡುತ್ತಿದ್ದವರು ಹತ್ತನೇ ನಿಮಿಷಕ್ಕೆ ಚಪ್ಪಲಿ ಬಿಡುತ್ತಿದ್ದರು. ಯಾರೋ ಶೇಂಗಾ ಸುಲಿಯುತ್ತಿದ್ದರು, ಯಾರೋ ಅಂಗಾತ ಮಲಗುತ್ತಿದ್ದರು, ಯಾರೋ ಅಷ್ಟು ದೂರ ನಡೆದು ಅತ್ತು ಬರುತ್ತಿದ್ದರು. ಕ್ಯಾತಪ್ಪ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು, ಎಲ್ಲ ಸರಿಯಾಗಿರುವ ಇಂಜಿನ್ನನ್ನು ಒರೆಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವರು ಆ ಹುಲ್ಲಿನ ಮೇಲೆ ಕುಳಿತಿಲ್ಲ.

"ಈ ಗಾಡಿ ಕುರಿ ಜಾತಿದು. ಹುಲ್ಲು ಕಂಡ್ರೆ ಮುಂದಕ್ಕೆ ಹೋಗಲ್ಲ," ಎಂದು ಆಡಿಕೊಳ್ಳುತ್ತಿದ್ದವರು ಪ್ರೇಮಲತಾ. ಮೂರು ವರ್ಷದ ಹಿಂದೆ ಸೇರಿದ, ಎಲ್ಲರಿಗಿಂತ ಚಿಕ್ಕ ಕಾರ್ಯಕರ್ತೆ. ಅನುಮಾನ ಬಂದಿದ್ದರೂ ಯಾರೂ ಕೆದಕಲಿಲ್ಲ. ವಿಶ್ವನಾಥ್ ಮಾತ್ರ ಎರಡು ಸಲ ರೇಡಿಯೇಟರು ರಿಪೇರಿಗೆ ಕಳಿಸಿದರು. ಮೆಕ್ಯಾನಿಕ್ ಜುಂಜಣ್ಣ ಎರಡು ಸಲವೂ ಅದನ್ನು ತೊಳೆದು, ಚಾ ಕುಡಿಸಿ, "ಕಾಯಿಲೆ ನಿನಗೋ ಗಾಡಿಗೋ, ಲೇ ಕ್ಯಾತ?" ಎಂದು ವಾಪಸ್ಸು ಕೊಟ್ಟ.

ಕ್ಯಾತಪ್ಪ ಊಹಿಸದಿದ್ದದ್ದು ಒಂದೇ. ವಿಶ್ವನಾಥ್ ಒಳ್ಳೆಯ ಮನುಷ್ಯ. ಹಳೇ ಜೀಪಿನಿಂದ ಕಾರ್ಯಕರ್ತೆಯರು ದಿನಾ ದಾರಿಯಲ್ಲಿ ಕೊಳೆಯುತ್ತಿದ್ದಾರೆಂದು ದಾನಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಈ ವರ್ಷ, ೨೦೦೫ರ ದಸರಾ ಕಳೆದ ವಾರವೇ, ಬಿಳಿ ಜೀಪು ಬಂದು ನಿಂತಿತು. ನೀಲಿ ಜೀಪು ಜುಂಜಣ್ಣನ ಶೆಡ್ಡಿಗೆ ಹೋಯಿತು. ಹೊಸ ಗಾಡಿಗೆ ಹಾರ ಹಾಕಿದ ದಿನ, ಇನ್ನು ಆ ನೆಪ ನಡೆಯುವುದಿಲ್ಲವೆಂದು, ಕ್ಯಾತಪ್ಪ ವಿಶ್ವನಾಥರ ಟೇಬಲ್ಲಿನ ಮುಂದೆ ಹೋಗಿ ನಿಂತರು.

"ಹಳೇ ಗಾಡಿ ಹೀಟಾಗ್ತಿರಲಿಲ್ಲ ಸಾರ್."

"ಯಾವತ್ತು?"

"ಯಾವತ್ತೂ."

ವಿಶ್ವನಾಥ್ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಒಂಬತ್ತು ವರ್ಷ ಸುಳ್ಳು ಹೇಳಿದೆಯಾ?"

"ಭಾನುವಾರ ಬಿಟ್ಟು ಸಾರ್."

ನಗಬೇಕೋ ಬೈಯಬೇಕೋ ತಿಳಿಯದೆ ವಿಶ್ವನಾಥ್ ಕನ್ನಡಕ ಮತ್ತೆ ಹಾಕಿಕೊಂಡರಂತೆ. "ನನ್ನ ಕೇಳಿದ್ರೆ ಕೊಡ್ತಿರಲಿಲ್ವೇನಯ್ಯ ಅರ್ಧ ಗಂಟೆ?"

"ನೀವು ಕೊಡ್ತಿದ್ರಿ ಸಾರ್. ಅವರು ತಗಂತಿರಲಿಲ್ಲ. ಮಕ್ಕಳು ಅಂಗೆ ಬಿದ್ದಿರುವಾಗ ನಾವು ಹುಲ್ಲಿನ ಮ್ಯಾಲೆ ಕುಂತ್ಕಣಾದಾ ಅಂತಿದ್ರು. ಗಾಡಿಗೇ ಸುಸ್ತಾದ್ರೆ ಯಾರ್ದೂ ತಪ್ಪಲ್ಲ ನೋಡ್ರಿ."

ವಿಶ್ವನಾಥರ ಕಣ್ಣು ತುಂಬಿಬಂತು. ಗಂಗಾಂಬಿಕಾ ಅವರನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ. ಮಾರನೆಯ ದಿನವೇ ನೋಟೀಸು ಬೋರ್ಡಿನಲ್ಲಿ ಹಾಳೆ ಬಿತ್ತು: ಪ್ರತಿದಿನ ಸಂಜೆ ಅರ್ಧ ಗಂಟೆ ಕಡ್ಡಾಯ ವಿಶ್ರಾಂತಿ. ಸಂಸ್ಥೆಗಳ ಕೈಗೆ ಸಿಕ್ಕ ಪ್ರೀತಿಗೂ ಒಂದು ನಮೂನೆ ಬೇಕಾಗುತ್ತದೆ. ವಾರದೊಳಗೆ ಹಳದಿ ಹಾಳೆಗಳು ಬಂದವು. ಇಂದಿನ ವಿಶ್ರಾಂತಿ ಹೇಗಿತ್ತು? ಮನಸ್ಸು ಎಷ್ಟು ಹಗುರಾಯಿತು? ಒಂದರಿಂದ ಐದರವರೆಗೆ ಅಂಕ ಕೊಡಿ. ಕಾವಲಿನ ಅಂಚಿನಲ್ಲಿ ಐದು ಜನ ಜೀಪಿನೊಳಗೇ ಕುಳಿತು, ತೊಡೆಯ ಮೇಲೆ ಹಾಳೆಯಿಟ್ಟು, ತಾವೆಷ್ಟು ವಿಶ್ರಮಿಸಿದೆವೆಂದು ಬರೆಯತೊಡಗಿದರು. ಉಳಿದ ಸಮಯದಲ್ಲಿ ತೂಕದ ಲೆಕ್ಕ ತುಂಬಿದರು. ಹೊರಗೆ ಹುಲ್ಲು ತನ್ನ ಪಾಡಿಗೆ ಬಾಗುತ್ತಿತ್ತು.

"ಸಾರಿನ ತಪ್ಪಿಲ್ಲ," ಎನ್ನುತ್ತಾರೆ ಕ್ಯಾತಪ್ಪ. "ಅವರಿಗೂ ಯಾರಾನ ಒಬ್ರು ಗಾಡಿ ಕೆಡಿಸಿ ಕೊಡಬೇಕು."

ಈ ಮೂರು ವಾರದಲ್ಲಿ ಕನ್ನಡಿಯಲ್ಲಿ ಅವರು ನೋಡುತ್ತಿರುವುದು ಪ್ರೇಮಲತಾರನ್ನು. ಕುರಿ ಜಾತಿಯ ಗಾಡಿಯೆಂದು ನಗುತ್ತಿದ್ದವರು ಈಗ ಆಡಿಕೊಳ್ಳುವುದಿಲ್ಲ. ಊಟದ ಡಬ್ಬಿ ತೆರೆಯದೆ ವಾಪಸ್ಸು ತರುತ್ತಾರೆ. ಜೀಪು ನಿಲ್ಲುವ ಮೊದಲೇ ಹಾರಿ ಇಳಿಯುತ್ತಾರೆ. ಭಾನುವಾರ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ, ಕೈಯಲ್ಲಿ ತಕ್ಕಡಿಯ ಚೀಲದೊಂದಿಗೆ, ಯರ್ರಮ್ಮ ಕಣ್ಣಾರೆ ನೋಡಿದ್ದಾರೆ. ಅದನ್ನು ಕೇಳಿದ ರಾತ್ರಿ ಕ್ಯಾತಪ್ಪ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು.

ಮೊನ್ನೆ ಬುಧವಾರ ಕಾವಲು ಹತ್ತಿರವಾಗುತ್ತಿದ್ದಂತೆ ಪ್ರೇಮಲತಾ ಮುಂದಕ್ಕೆ ಬಾಗಿ ಹೇಳಿದರು: "ಅಣ್ಣ, ಇವತ್ತು ನಿಲ್ಲಿಸಬ್ಯಾಡ. ಫಾರಂ ನಾನು ಮೊದ್ಲೇ ತುಂಬೀನಿ. ಐದಕ್ಕೆ ಐದು ಕೊಟ್ಟೀನಿ."

ಕ್ಯಾತಪ್ಪ ಸ್ವಲ್ಪ ಮುಂದೆ ಹೋಗಿ ರಸ್ತೆ ಬಿಟ್ಟು ಇಳಿಸಿ, ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡರು. ಇಳಿದು ಬಾನೆಟ್ ಎತ್ತಿದರು. ಒಳಗೆ ಎಲ್ಲ ಹೊಸದು, ಎಲ್ಲ ಥಳಥಳ ಹೊಳೆಯುತ್ತಿತ್ತು.

"ಹೀಟಾಗೈತೆ," ಎಂದರು.

"ಹೊಸಾ ಗಾಡಿ ಅಣ್ಣ ಇದು!" ಪ್ರೇಮಲತಾರ ದನಿಯಲ್ಲಿ ಸಿಟ್ಟಿತ್ತು. "ನೀನು ಸಾರ್ ಮುಂದೆ ಒಪ್ಕಂಡಿದ್ದು ಎಲ್ಲಾರಿಗೂ ಗೊತ್ತೈತೆ. ಇನ್ನೂ ಯಾಕೆ ನಾಟಕ?"

"ಹೀಟಾಗೈತೆ ಕಣಮ್ಮ. ಬೇಕಾದ್ರೆ ಮುಟ್ಟಿ ನೋಡು."

ಆಕೆ ದಬದಬ ಇಳಿದು ಬಂದು ಎತ್ತಿದ ಬಾನೆಟ್ಟಿನ ಮೇಲೆ ಕೈಯಿಟ್ಟರು. ಮಿಕ್ಕವರು ಕಿಟಕಿಯಿಂದ ನೋಡುತ್ತಿದ್ದರು. ಕೈ ಅಲ್ಲೇ ಇತ್ತು. ಕ್ಯಾತಪ್ಪ ಆಕೆಯ ಮುಖ ನೋಡದೆ ಬನಿಯನ್ ಬಟ್ಟೆಯನ್ನು ಮಡಚುತ್ತಾ, ಬಿಚ್ಚುತ್ತಾ ನಿಂತಿದ್ದರು. ಕೈ ತೆಗೆಯದೆಯೇ ಪ್ರೇಮಲತಾ ತಿರುಗಿ ಜೀಪಿನ ಕಡೆ ನೋಡಿ, "ಸುಡ್ತೈತೆ ಕಣ್ರೇ. ಇಳೀರಿ," ಎಂದರು. ಚಪ್ಪಲಿ ಬಿಟ್ಟು ಹುಲ್ಲಿನೊಳಕ್ಕೆ ನಡೆದರು. ಉಳಿದ ನಾಲ್ವರು ಹಳದಿ ಹಾಳೆಗಳನ್ನು ಸೀಟಿನ ಮೇಲೆ ಬಿಟ್ಟು ಹಿಂದೆ ಹೋದರು. ಅರ್ಧ ಗಂಟೆ ಕಳೆದಾಗ ಪ್ರೇಮಲತಾ ಹುಲ್ಲಿನ ಮೇಲೆ ಬಾಯಿ ತೆರೆದು ನಿದ್ದೆಹೋಗಿದ್ದರು. ಕ್ಯಾತಪ್ಪ ಎಬ್ಬಿಸಲಿಲ್ಲ. ಇನ್ನೂ ಅರ್ಧ ಗಂಟೆ ಗಾಡಿ ತಣ್ಣಗಾಗಲಿಲ್ಲ.

ನಿನ್ನೆ ಆಕೆ ಡಬ್ಬಿ ತೆರೆದು ಉಂಡರು ಎಂಬುದನ್ನು ಕ್ಯಾತಪ್ಪ ಎರಡು ಸಲ ಹೇಳುತ್ತಾರೆ. ಗೆದ್ದೆ ಎನ್ನುವ ದನಿಯಲ್ಲಲ್ಲ. ಈ ಭಾನುವಾರ ಯರ್ರಮ್ಮ ಪ್ರೇಮಲತಾರನ್ನು ಮನೆಗೆ ಊಟಕ್ಕೆ ಕರೆದಿದ್ದಾರೆ, ಬಸ್‌ಸ್ಟ್ಯಾಂಡಿನ ಕಡೆ ಹೋಗದಿರಲಿ ಎಂದು.

ನಾಳೆ ದೇವಸಮುದ್ರದ ದಿನ. ದಾರಿಯಲ್ಲಿ ಬಿ.ಜಿ. ಕೆರೆ. ಒಂಬತ್ತು ವರ್ಷದ ಹಿಂದೆ ಒಂದೇ ಒಂದು ಸಲ ಕ್ಯಾತಪ್ಪ ಗಂಗಾಂಬಿಕಾ ಅವರ ಬೀದಿಗೆ ಹೋಗಿದ್ದರು. ಜಗಲಿಯ ಮೇಲೆ ಕುಳಿತಿದ್ದವರು ನೀಲಿ ಜೀಪಿನ ಸದ್ದು ಕೇಳಿದ್ದೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಕ್ಯಾತಪ್ಪ ಊರ ಹೊರಗಿನ ರಸ್ತೆಯಲ್ಲೇ ಹೋಗಿಬಿಡುತ್ತಾರೆ. ಹೋಗುವಾಗ ಆ ಬೀದಿಯ ತಿರುವಿನ ಕಡೆ ಒಂದು ಸಲ ತಲೆ ತಿರುಗುತ್ತದೆ, ಬರುವಾಗ ಇನ್ನೊಂದು ಸಲ.

"ಈ ಬಿಳೀ ಗಾಡಿ ಆವಕ್ಕಂಗೆ ಗುರ್ತಿಲ್ಲ," ಎನ್ನುತ್ತಾರೆ ಕ್ಯಾತಪ್ಪ, ಟೈರಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ. "ಸದ್ದೂ ಗುರ್ತಿಲ್ಲ. ಬಾಗ್ಲು ಮುಂದೆ ನಿಂತ್ರೆ ಯಾರೋ ಅಂತ ಹೊರಗೆ ಬರಬಹುದು. ಕೆಲ್ಸಕ್ಕೆ ವಾಪಸ್ ಬರ್ರಿ ಅನ್ನಲ್ಲ. ಸಂಸ್ಥೆ ಸುದ್ದಿನೇ ಎತ್ತಲ್ಲ. ಮುಂದಿನ ಸೀಟಿನಾಗೆ ಕುಂಡ್ರಿಸ್ಕಂಡು ಕಾವಲಿಗೆ ಹೋಗಿ, ನಿಲ್ಲಿಸೀನಿ ಅಕ್ಕ, ಇಳೀರಿ ಅನ್ನಬೇಕು. ಅಷ್ಟು ಮಾಡಿದ್ರೆ ನನಗೆ ಸಾಕು."