ಚಿಕ್ಕಮ್ಮನ ಮುಖ, ಆಮೇಲೆ ಕಡಲು

ಉಡುಪಿಯಲ್ಲಿ ಬಿ.ಎ. ಓದುವಾಗ ನಾನು ಕಾಪುವಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ನಮ್ಮ ಮನೆ ಕಾರ್ಕಳದಲ್ಲಿ. ದಿನಾ ಅಲ್ಲಿಂದ ಓಡಾಡುವುದು ಬೇಡವೆಂದು ಅಪ್ಪ ನನ್ನನ್ನು ಕಾಪುವಿನಲ್ಲಿ ಬಿಟ್ಟಿದ್ದರು. ಚಿಕ್ಕಪ್ಪ ದುಬೈಯಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ಚಿಕ್ಕಮ್ಮ, ಅವರ ಅತ್ತೆ ಮತ್ತು ನಾನು, ಮೂವರೇ. ಅತ್ತೆಯನ್ನು ನಾನು ಅಜ್ಜಿ ಎಂದು ಕರೆಯುತ್ತಿದ್ದೆ. ಮನೆಯ ಮಾತೆಲ್ಲ ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಳೆಗಾಲ ಕಳೆದ ಮೇಲೆ ಒಂದು ಸಿನಿಮಾ ತಂಡ ಕಾಪುವಿನ ಕಡಲತೀರಕ್ಕೆ ಬಂತು. ಊರಿನ ಹೆಂಗಸರೆಲ್ಲ ನೋಡಲು ಹೋದರು. ಚಿಕ್ಕಮ್ಮ ಒಲೆಯ ಮೇಲೆ ಗಂಜಿಗೆ ಅಕ್ಕಿ ಇಟ್ಟು, "ಹೀಗೆ ಹೋಗಿ ಹಾಗೆ ಬರುವ" ಎಂದು ನನ್ನನ್ನು ಕರೆದುಕೊಂಡು ಹೊರಟರು. ಅಲ್ಲಿ ನಿರ್ದೇಶಕರು ಗುಂಪನ್ನೊಮ್ಮೆ ನೋಡಿ ನೇರವಾಗಿ ಅವರ ಬಳಿಗೇ ಬಂದರು.

"ಅಮ್ಮಾ, ಆ ದೋಣಿ ಅಂಚಿನ ಮೇಲೆ ಸ್ವಲ್ಪ ಹೊತ್ತು ಕೂತ್ಕೋತೀರಾ?"

"ನನಗೆ ಆಕ್ಟಿಂಗ್ ಎಲ್ಲ ಬರುವುದಿಲ್ಲ" ಎಂದರು ಚಿಕ್ಕಮ್ಮ.

"ಅದೇ ಬೇಕಾಗಿರೋದು. ಏನೂ ಮಾಡಬೇಡಿ. ಸುಮ್ಮನೆ ನೋಡಿ ಸಾಕು."

ಒಬ್ಬ ಸಹಾಯಕ ದೂರದಲ್ಲಿ ಬಿದಿರ ಕೋಲಿಗೆ ಬಟ್ಟೆ ಕಟ್ಟಿ ಹಿಡಿದು ನಿಂತ. ಚಿಕ್ಕಮ್ಮ ಅದನ್ನು ನೋಡಬೇಕಿತ್ತು. ಬಿಸಿಲು ಹೆಚ್ಚಿದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಿ ಎಂದರು ನಿರ್ದೇಶಕರು. ಚಿಕ್ಕಮ್ಮ ಎಳೆದುಕೊಂಡರು. ಕ್ಯಾಮರಾ ಮೊದಲು ದೂರದಲ್ಲಿತ್ತು, ಆಮೇಲೆ ತೀರಾ ಹತ್ತಿರ ಬಂತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದು ನಾವು ಮನೆಗೆ ಓಡಿದೆವು. ಗಂಜಿ ತಳ ಹಿಡಿದಿತ್ತು.

ಮರುವರ್ಷ ಆ ಚಿತ್ರ ಉಡುಪಿಯ ಥಿಯೇಟರಿಗೆ ಬಂತು. ನೆರೆಮನೆಯ ಹೆಂಗಸರೊಂದಿಗೆ ನಾವು ಮೂವರೂ ಹೋದೆವು. ಕಪ್ಪು ಬಿಳುಪಿನ, ನಿಧಾನದ ಚಿತ್ರ. ಅರ್ಧ ಕಳೆದ ಮೇಲೆ ನಮ್ಮ ಕಡಲತೀರ ಕಂಡಿತು. ದೂರದಲ್ಲಿ ದೋಣಿಯ ಮೇಲೆ ಕುಳಿತ ಒಬ್ಬ ಹೆಂಗಸು. ಮರುಕ್ಷಣ ಪರದೆಯ ತುಂಬ ಚಿಕ್ಕಮ್ಮನ ಮುಖ. ಆಮೇಲೆ ಕಡಲು, ಅದರಲ್ಲಿ ತೆರೆಗೆ ಹೊಯ್ದಾಡುವ ಒಂದು ದೋಣಿ, ದೋಣಿಯಲ್ಲಿ ಯಾರೂ ಇಲ್ಲ. ಮತ್ತೆ ಅದೇ ಮುಖ. ಥಿಯೇಟರಿನಲ್ಲಿ ಯಾರೋ ಬಿಕ್ಕಿದರು. ಗಂಡನನ್ನು ಕಡಲಿಗೆ ಕಳೆದುಕೊಂಡ ಹೆಂಗಸು ಅವಳು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಜ್ಜಿ ಚಿತ್ರ ಮುಗಿಯುವ ಮೊದಲೇ ಎದ್ದು ಹೊರಗೆ ಹೋದರು. ಮನೆಯ ಚಾವಡಿಗೆ ಬಂದ ಮೇಲೆ ಸೊಸೆಯನ್ನು ಕೇಳಿದರು: "ಅವರು ಹೇಳಿದರೆಂದು ನೀನು ಕರಿಮಣಿ ತೆಗೆದಿಟ್ಟೆಯಾ?"

"ಇಲ್ಲ ಅತ್ತೆ. ಕುತ್ತಿಗೆಯಲ್ಲೇ ಇತ್ತು."

"ಮತ್ತೆ ಕಾಣಲಿಲ್ಲ ಯಾಕೆ? ಹಣೆಯಲ್ಲಿ ಕುಂಕುಮವೂ ಇರಲಿಲ್ಲ. ನನ್ನ ಮಗ ಅಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದಾನೆ. ಊರಿನವರ ಎದುರು ಅವನು ಇಲ್ಲ ಎಂದು ಮಾಡಿ ತೋರಿಸಿದೆಯಲ್ಲ!"

"ಅವರು ಹಾಗೆ ತೋರಿಸುತ್ತಾರೆಂದು ನನಗೆ ಎಂತ ಗೊತ್ತು?" ಎಂದರು ಚಿಕ್ಕಮ್ಮ. "ನಾನು ನೋಡುವಾಗ ಅಲ್ಲಿ ದೋಣಿಯೇ ಇರಲಿಲ್ಲ."

ಅಜ್ಜಿ ನಂಬಲಿಲ್ಲ. ಆ ದಿನದಿಂದ ಸೊಸೆಯ ಹತ್ತಿರ ಮಾತು ಬಿಟ್ಟರು. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದರು. ನಾನೂ ಅಲ್ಲಿದ್ದೆ, ಕರಿಮಣಿ ಇತ್ತು ಎಂದು ಹೇಳಿದರೆ, "ನೀನು ನಿನ್ನ ಚಿಕ್ಕಮ್ಮನ ಕಡೆಯವನು" ಎಂದು ತಳ್ಳಿಹಾಕಿದರು.

ಆ ಕಾಲದಲ್ಲಿ ಮಣಿಪಾಲದಲ್ಲಿ ಕೆಲವರು ಸೇರಿ ಭಾನುವಾರ ಒಂದು ಸಭಾಂಗಣದಲ್ಲಿ ಒಳ್ಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಚಿತ್ರ ಮುಗಿದ ಮೇಲೆ ನಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು ಅದರ ಬಗ್ಗೆ ಮಾತಾಡುತ್ತಿದ್ದರು. ಅದುವರೆಗೆ ನಾನು ಅಲ್ಲಿಗೆ ಹೋಗುತ್ತಿದ್ದುದು ಗೆಳೆಯರ ಜೊತೆಗಾಗಿ. ಆ ಭಾನುವಾರ ಎಲ್ಲರೂ ಹೋಗುವ ತನಕ ಕಾದು, ಸರ್ ಹತ್ತಿರ ಮನೆಯ ಜಗಳವನ್ನೆಲ್ಲ ಹೇಳಿದೆ.

ಅವರು ನಗಲಿಲ್ಲ. "ಕತೆ ನೋಡಿದ್ದಾಯಿತು. ಇನ್ನೊಮ್ಮೆ ಹೋಗಿ ಕಿವಿ ಮುಚ್ಚಿಕೊಂಡು ನೋಡು" ಎಂದರು. "ಪರದೆಯ ನಡುವನ್ನು ಬಿಟ್ಟು ಅಂಚನ್ನು ನೋಡು. ಚೌಕಟ್ಟು ಎಲ್ಲಿ ನಿಲ್ಲುತ್ತದೆ, ಏನನ್ನು ಹೊರಗಿಟ್ಟಿದೆ? ಒಂದು ದೃಶ್ಯದ ಪಕ್ಕ ಯಾವ ದೃಶ್ಯವನ್ನು ಅಂಟಿಸಿದ್ದಾರೆ? ಆ ಮುಖದ ಪಕ್ಕ ದೋಣಿಯ ಬದಲು ಆಡುವ ಮಗುವನ್ನು ಇಟ್ಟಿದ್ದರೆ ನಿನ್ನ ಚಿಕ್ಕಮ್ಮ ಸುಖವಾಗಿರುವ ತಾಯಿ ಆಗುತ್ತಿದ್ದರು. ಮುಖ ಮಾತ್ರ ಅದೇ."

ನಾನು ಮ್ಯಾಟಿನಿಗೆ ಒಬ್ಬನೇ ಹೋದೆ. ಕಿವಿಗೆ ಬೆರಳು ಇಟ್ಟುಕೊಂಡು ಕುಳಿತಾಗ ಆ ದೃಶ್ಯದ ಅರ್ಧ ದುಃಖ ಇಳಿದುಹೋಯಿತು. ಬೆರಳು ತೆಗೆದಾಗ ಕಾರಣ ತಿಳಿಯಿತು: ದೋಣಿ ಕಂಡ ಕೂಡಲೇ ಕಡಲ ತೆರೆಯ ಸದ್ದನ್ನು ನಿಲ್ಲಿಸಿದ್ದರು, ಗಾಳಿ ಮಾತ್ರ ಉಳಿದಿತ್ತು. ಕಾಪುವಿನಲ್ಲಿ ಮಲಗಿದರೂ ಎದ್ದರೂ ತೆರೆಯ ಸದ್ದು ಉಂಟು. ಅದು ನಿಂತರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಚೌಕಟ್ಟು ಚಿಕ್ಕಮ್ಮನ ಗಲ್ಲದ ಕೆಳಗೇ ನಿಂತಿತ್ತು. ಸೆರಗು ಹುಬ್ಬಿನವರೆಗೆ ಬಂದಿತ್ತು. ಎರಡನೆಯ ಸಲ ಮುಖ ಬಂದಾಗ ಅವರು ಒಮ್ಮೆ ಕತ್ತು ತಿರುಗಿಸುತ್ತಾರೆ. ಆಗ ಪರದೆಯ ಕೆಳ ಅಂಚಿನಲ್ಲಿ ಕಪ್ಪು ಮಣಿಗಳು ಕ್ಷಣಮಾತ್ರ ಕಂಡು ಮರೆಯಾದವು.

ನಾನು ಸೀಟಿನಿಂದ ಎದ್ದೇ ಬಿಟ್ಟೆ. ಹಿಂದಿನವರು ಬೈದರು.

ಅಜ್ಜಿಯನ್ನು ಇನ್ನೊಮ್ಮೆ ಕರೆದೊಯ್ಯುವುದು ಸುಲಭವಾಗಲಿಲ್ಲ. ಅಷ್ಟರಲ್ಲಿ ಚಿತ್ರ ಕಾರ್ಕಳಕ್ಕೆ ಹೋಗಿತ್ತು. ಅಮ್ಮನನ್ನು ನೋಡಿ ಬರುವ ಎಂದು ಹೊರಡಿಸಿ, ಬಸ್ಸಿನಲ್ಲಿ ನಿಜ ಹೇಳಿದೆ. "ನೀನು ದೊಡ್ಡ ವಕೀಲ ಮಾರಾಯ" ಎಂದು ಗೊಣಗಿದರೂ ಬಂದರು. ಚಿಕ್ಕಮ್ಮ ಬರಲಿಲ್ಲ.

ಥಿಯೇಟರಿನಲ್ಲಿ ಅವರ ಕಿವಿಯ ಬಳಿ ಬಾಗಿ ಹೇಳುತ್ತ ಹೋದೆ. "ಈಗ ದೂರದಿಂದ ತೋರಿಸುತ್ತಾರೆ ಅಜ್ಜಿ. ಈಗ ಹತ್ತಿರ. ಗಲ್ಲದ ಕೆಳಗೆ ಎಂತದ್ದೂ ಕಾಣುವುದಿಲ್ಲ, ಅಲ್ವಾ? ಈ ದೋಣಿ ಬೇರೆ ದಿನದ್ದು, ಬೇರೆ ಊರಿನದ್ದೋ ಏನೋ. ಈಗ ಮತ್ತೆ ಮುಖ. ಕೆಳಗೆ ನೋಡಿ, ಕೆಳಗೆ!"

ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. "ಉಂಟು" ಎಂದರು. "ಕರಿಮಣಿ ಉಂಟು."

ಗೆದ್ದೆ ಎಂದು ತಿರುಗಿ ನೋಡಿದರೆ, ಅಜ್ಜಿ ಸೆರಗಿನಿಂದ ಕಣ್ಣು ಒರೆಸುತ್ತಿದ್ದರು.

"ಎಂತ ಆಯಿತು ಅಜ್ಜಿ? ಸುಳ್ಳು ಎಂದು ಗೊತ್ತಾಯಿತಲ್ಲ?"

"ಗೊತ್ತಾಯಿತು. ಆದರೂ ಅಳು ಬರುತ್ತದಲ್ಲ. ಪಾಪ, ಆ ಹೆಂಗಸಿನ ಮುಖ ನೋಡು."

ನನ್ನ ವಿವರಣೆ ಸೋತದ್ದು ಅಲ್ಲಿಯೇ. ಹೇಗೆ ಕಟ್ಟಿದ್ದಾರೆಂದು ಬಿಡಿಸಿ ತೋರಿಸಿದರೆ ದುಃಖವೂ ಬಿಚ್ಚಿಹೋಗುತ್ತದೆ ಎಂದು ನಾನು ನಂಬಿದ್ದೆ. ಮುಂದಿನ ಭಾನುವಾರ ಇದನ್ನು ಹೇಳಿದಾಗ ಸರ್, "ನಾವು ಇಲ್ಲಿ ಮಾತಾಡುವಾಗ ನಿನ್ನ ಅಜ್ಜಿಯನ್ನು ಮರೆಯಬಾರದು" ಎಂದರು.

ಕಾರ್ಕಳದಿಂದ ಬಂದ ಸಂಜೆ ಅಜ್ಜಿ ನೇರವಾಗಿ ಅಡುಗೆಮನೆಗೆ ಹೋದರು. ಕ್ಷಮೆ ಗಿಮೆ ಎಲ್ಲ ಅವರ ಪದ್ಧತಿಯಲ್ಲ. "ಮೀನಿಗೆ ಹುಳಿ ಹಾಕಿದೆಯಾ?" ಎಂದು ಸೊಸೆಯನ್ನೇ ಕೇಳಿದರು. ಚಿಕ್ಕಮ್ಮ ನನ್ನತ್ತ ನೋಡಿ, "ಹಾಕಿದ್ದೇನೆ ಅತ್ತೆ" ಎಂದರು.

ಎಂಬತ್ತರ ದಶಕದ ಮೊದಲಲ್ಲಿ ಚಿಕ್ಕಪ್ಪ ರಜೆಯಲ್ಲಿ ಬಂದರು. ಆ ಹೊತ್ತಿಗೆ ಚಿತ್ರ ಎಲ್ಲಿಯೂ ಓಡುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅಜ್ಜಿಯೇ ಅವರಿಗೆ ದೃಶ್ಯವನ್ನೆಲ್ಲ ಹೇಳಿದರು: ಮೊದಲು ದೂರ, ಆಮೇಲೆ ಹತ್ತಿರ, ಆಮೇಲೆ ಖಾಲಿ ದೋಣಿ, ತೆರೆಯ ಸದ್ದು ನಿಲ್ಲುವುದು. ಅಂಗೈಗಳನ್ನು ಚೌಕಟ್ಟಿನಂತೆ ಹಿಡಿದು ಸೊಸೆಯ ಮುಖವನ್ನೂ ತೋರಿಸಿದರು. ಚಿಕ್ಕಪ್ಪ ಊಟ ನಿಲ್ಲಿಸಿ ಕೇಳುತ್ತಿದ್ದರು.

"ಕಡಲು ನೋಡುತ್ತ ಕುಳಿತಾಗ ನಿನಗೆ ಎಂತ ಅನಿಸುತ್ತಿತ್ತು?" ಎಂದು ಹೆಂಡತಿಯನ್ನು ಕೇಳಿದರು.

ಚಿಕ್ಕಮ್ಮ ಅವರ ತಟ್ಟೆಗೆ ಅನ್ನ ಬಡಿಸುತ್ತ ಹೇಳಿದರು: "ಆಗ ಎಂತದ್ದೂ ಅನಿಸಲಿಲ್ಲ. ಥಿಯೇಟರಿನಲ್ಲಿ ನೋಡುವಾಗ ಅನಿಸಿತು."

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಉಡುಪಿಗೆ ಹೋಗಿ, ವಾಪಸು ಹೋಗುವ ಟಿಕೆಟನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿ ಬಂದರು.