ಆಡು, ಹಾಡು

ಯಲಹಂಕದ ನಯನಾಗೆ ಹೊಸ ಬ್ಯಾಂಡುಗಳನ್ನು ಹುಡುಕುವ ಹುಚ್ಚು. ಡಿಸೆಂಬರ್ ಬಂತೆಂದರೆ ಗೆಳೆಯರನ್ನು ಮನೆಗೆ ಕರೆದು, ವರ್ಷದ ಆಲ್ಬಮ್ ಯಾವುದೆಂದು ಜಗಳವಾಡಿಯೇ ತೀರ್ಮಾನಿಸುತ್ತಿದ್ದಳು. ಈ ಸಲ ಅವಳು ಪಟ್ಟು ಹಿಡಿದದ್ದು ದೇವನಹಳ್ಳಿ ಕಡೆಯ ಹುಡುಗರ ಆಲ್ಬಮ್ಮಿಗೆ.

"ಹಾಡನ್ನ ಆಡು ಅಂತಾರೆ ಕಣ್ರೋ! ಹಕಾರಾನೇ ಇಲ್ಲ, ಎಷ್ಟು ಚೆಂದ!"

ಎಲ್ಲರೂ ಒಪ್ಪಿದರು. ಕಾಫಿ ತಂದ ಅಜ್ಜಿ ಮುನಿವೆಂಕಟಮ್ಮ ಸ್ಪೀಕರಿನಲ್ಲಿ ಬರುತ್ತಿದ್ದ ಆ ಹುಡುಗರ ಹಾಡನ್ನು ಬಾಗಿಲಲ್ಲೇ ನಿಂತು ಕೇಳಿ ಹಿಗ್ಗಿದಳು. "ಈ ಆಡು ಬೋ ಚೆನ್ನಾಗೈತೆ ಕಣವ್ವ."

"ಆಡಲ್ಲ ಅಜ್ಜಿ, ಹಾಡು! ಎಷ್ಟ್ ಸಲ ಹೇಳ್ಬೇಕು?"

ನೆಂಟರಿಷ್ಟರ ಮುಂದೆಲ್ಲ ಅಜ್ಜಿಯನ್ನು ತಿದ್ದಿ ತಿದ್ದಿ ನಾಲಿಗೆಗೆ ಅಂಟಿದ್ದ ಮಾತು ತಾನಾಗಿ ಹೊರಬಿದ್ದಿತ್ತು. ಗೆಳೆಯರು ಮುಖ ಮುಖ ನೋಡಿಕೊಂಡರು. ನಯನಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಜ್ಜಿ ಸೆರಗು ಸರಿಮಾಡಿಕೊಂಡು, ತಪ್ಪಾಯಿತೆಂಬಂತೆ, ಬಲು ಜೋಪಾನವಾಗಿ ಹೇಳಿದಳು: "ಹಾಡು. ಹಿನ್ನೊಂದ್ ಸಲ ಹಾಕವ್ವ."