ಬೂದಿ ತಣ್ಣಗಾಗುವ ತನಕ

ನಮ್ಮ ಬೀದಿಯವರೆಲ್ಲ ಅವರನ್ನು ಊದುಗೊಳವೆ ಎಂದೇ ಕರೆಯುತ್ತಾರೆ. ಉದ್ದಕ್ಕೆ, ತೆಳ್ಳಗೆ ಇದ್ದಾರೆ. ಮೂವತ್ತು ವರ್ಷ ಹೊಗೆಗೂಡುಗಳ ಮಸಿ ಕುಡಿದ ಎದೆ, ನಾಲ್ಕು ಮೆಟ್ಟಿಲು ಹತ್ತಿದರೆ ಸಿಳ್ಳೆ ಹಾಕುತ್ತದೆ. ಅಗ್ಗಿಷ್ಟಿಕೆ ಕಟ್ಟುವುದು, ಅದರ ಮಸಿ ತೆಗೆಯುವುದು ಅವರ ಕಸುಬು. ಬೆನ್ನ ಹಿಂದೆ ಜಿಗಣೆ ಅನ್ನುವವರೂ ಇದ್ದಾರೆ. ಹೋದ ಮನೆಯಲ್ಲಿ ಬೆಂಕಿ ಹೊತ್ತಿಸಿದರೆ ಅದು ಪೂರ್ತಿ ಆರುವ ತನಕ ಅಲ್ಲಿಂದ ಏಳುವುದಿಲ್ಲವಂತೆ.

ಈ ಮನೆಗೆ ಬಂದಾಗ ನನ್ನ ಮಗನಿಗೆ ಏಳು ತಿಂಗಳು. ಚಳಿಗೆ ಎದೆ ಕಟ್ಟಿ ಗೊರಗೊರ ಅನ್ನುತ್ತಿತ್ತು. ಕೋಣೆ ಬೆಚ್ಚಗಿಡಿ ಅಂದರು ಡಾಕ್ಟರು. ಗೋಡೆಯಲ್ಲಿ ಅಗ್ಗಿಷ್ಟಿಕೆಯೇನೋ ಇತ್ತು. ನಾನು ಬೆಳೆದದ್ದು ನಾಲ್ಕನೇ ಮಹಡಿಯಲ್ಲಿ, ಗ್ಯಾಸ್ ಒಲೆಗಿಂತ ದೊಡ್ಡ ಬೆಂಕಿಯನ್ನು ಮನೆಯೊಳಗೆ ಕಂಡವಳೇ ಅಲ್ಲ. ಎರಡು ದಿನ ಅದರ ಬಗ್ಗೆ ಓದಿದೆ. ಓದಿದಷ್ಟೂ ಜೀವ ಬಾಯಿಗೆ ಬಂತು.

"ಪುಸ್ತಕ ನೋಡಿ ಬೆಂಕಿ ಹಚ್ಚೋಳು ನೀನೊಬ್ಬಳೇ ಕಣೆ," ಎಂದು ಅತ್ತೆ ನಕ್ಕರು. ನಾನು ಊದುಗೊಳವೆಯವರಿಗೆ ಹೇಳಿಕಳಿಸಿದೆ.

ಬೆಳಿಗ್ಗೆಯೇ ಬಂದು ಹೊಗೆಗೂಡಿನಿಂದ ಎರಡು ಬಕೆಟ್ ಮಸಿ, ಒಂದು ಹಳೇ ಹಕ್ಕಿಗೂಡು ಇಳಿಸಿದರು. ಉರಿಯುವ ಕಾಗದ ಹಿಡಿದು ಹೊಗೆ ಮೇಲಕ್ಕೇ ಹೋಗುತ್ತದೆಯೇ ನೋಡಿದರು. ಸೌದೆ ಸೌದೆಗೆ ಬಡಿದು, ಒಣಗಿ ಟಣ್ ಅಂದದ್ದನ್ನಷ್ಟೇ ಇಟ್ಟುಕೊಂಡರು. ಕಿಟಕಿ ಎರಡು ಬೆರಳಷ್ಟು ತೆರೆಸಿದರು. ಬೆಂಕಿ ಹಿಡಿಯಿತು. ಮಗ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಹೋದ.

ಮಧ್ಯಾಹ್ನ ಮೂರು ಗಂಟೆಗೆ ಉರಿ ಇಳಿದು ಕೆಂಡ ಉಳಿಯಿತು. ನನ್ನ ಗಂಡ ಎದ್ದು ಹೊಗೆದಾರಿ ಮುಚ್ಚುವ ತಗಡಿನ ಹಿಡಿಗೆ ಕೈಹಾಕಿದರು.

"ಹೊಗೆ ನಿಂತಿದೆಯಲ್ಲ ಮೇಸ್ತ್ರಿ. ಮುಚ್ಚಿದ್ರೆ ಶಾಖ ಒಳಗೇ ಉಳಿಯುತ್ತೆ. ಇಲ್ಲಾಂದ್ರೆ ಆಕಾಶಕ್ಕೆ ಚಳಿ ಕಾಯಿಸಿದ ಹಾಗೆ."

ಮೇಸ್ತ್ರಿ ನನ್ನ ಗಂಡನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ.

"ನಾನೂ ಇದನ್ನೇ ಹೇಳಿಕೊಟ್ಟಿದ್ದೆ ಸ್ವಾಮಿ, ನನ್ನ ಹೆಂಡತಿಗೆ."

ಮೇಸ್ತ್ರಿಗೆ ಅದನ್ನು ಹೇಳಿಕೊಟ್ಟದ್ದು ಅವರ ಅಪ್ಪ. ಹೊಗೆ ನಿಂತ ಮೇಲೆ ತಗಡು ಎಳೆ, ಸೌದೆ ಉಳಿಯುತ್ತೆ, ಅಂತ. ಅಪ್ಪನ ಮನೆಯಲ್ಲಿ ಹೆಂಚಿನ ಸಂದಿಯಿಂದ, ಬಾಗಿಲಿನ ಸಂದಿಯಿಂದ ಗಾಳಿ ಬರುತ್ತಿತ್ತು, ನಡೆದುಹೋಗಿತ್ತು. ಮದುವೆಯಾದ ಮೇಲೆ ಇವರು ತಮ್ಮ ಕೈಯಾರೆ ಒಂದು ಕೋಣೆ ಕಟ್ಟಿದರು. ಬಾಗಿಲು ಹಾಕಿದರೆ ದಾರದೆಳೆ ತೂರದು. ಎಂಥ ಕೈ ಮಾರಾಯಾ ನಿನ್ನದು ಎಂದು ಜೊತೆಯವರು ಬಂದು ನೋಡಿ ಹೋದರಂತೆ.

"ಆ ಚಳಿಗಾಲ ನಾನು ಇನ್ಯಾರದೋ ಮನೆಯಲ್ಲಿ ಮಸಿ ಕೆರೀತಿದ್ದೆ. ಅವಳು ನಾನು ಹೇಳಿದ ಹಾಗೇ ಮಾಡಿದಳು. ಸಂಜೆ ಬಂದೆ. ಕೋಣೆ ಬೆಚ್ಚಗಿತ್ತು, ಅವಳ ಕೆನ್ನೆ ಕೆಂಪಗಿತ್ತು. ಮಲಗಿದಾಳೆ ಅಂದುಕೊಂಡು ಹೊದಿಕೆ ಸರಿಮಾಡಿ ಕೈ ತೊಳೆಯೋಕೆ ಹೋದೆ."

ಅತ್ತೆ ಮೆಲ್ಲಗೆ, "ಮಕ್ಕಳು?" ಅಂದರು.

"ಐದು ತಿಂಗಳ ಬಸುರಿ." ಮೇಸ್ತ್ರಿ ಕೆಂಡದ ಕಡೆ ಕೈ ತೋರಿಸಿದರು, "ಕೆಂಡದ ವಿಷಕ್ಕೆ ಬಣ್ಣ ಇಲ್ಲಮ್ಮ, ವಾಸನೆ ಇಲ್ಲ."

ನನ್ನ ಗಂಡ ಹಿಡಿ ಬಿಟ್ಟು ಕೂತರು. ಬೂದಿ ಬೆಳ್ಳಗಾದ ಮೇಲೆ ಮೇಸ್ತ್ರಿ ನನ್ನನ್ನು ಕರೆದು ಕಬ್ಬಿಣದ ಸಲಾಕೆ ಕೊಟ್ಟರು. ಕೆದಕಿದೆ. ಸತ್ತಂತೆ ಕಂಡದ್ದರ ಅಡಿಯಲ್ಲಿ ಹುಣಸೆಬೀಜದಷ್ಟು ಕೆಂಪು ಇನ್ನೂ ಇತ್ತು.

"ನಾಳೆ ನಾನಿರಲ್ಲ ತಾಯಿ. ನೀವೇ ನೋಡಬೇಕು. ಇದು ಹೋಗೋ ತನಕ ತಗಡು ತೆರೆದೇ ಇರಲಿ. ಬೂದೀನ, ಮುಚ್ಚಳ ಇರೋ ತಗಡಿನ ಬಕೆಟ್‌ಗೆ ತುಂಬಿ ಹೊರಗಿಡಿ."

ಆ ಕೆಂಪೂ ಆರಿ ಅವರು ಹೋದಾಗ ಕತ್ತಲಾಗಿತ್ತು. ಆದರೂ ತಗಡನ್ನು ನಾನು ಮುಟ್ಟಲಿಲ್ಲ. ಹೊಗೆಗೂಡಿನೊಳಗಿಂದ ಚಳಿ ಇಳಿದು ಕೋಣೆ ಮತ್ತೆ ತಣ್ಣಗಾಯಿತು. ಮಗನನ್ನು ನನ್ನ ಸ್ವೆಟರಿನೊಳಗೆ ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಅವನ ಮೂಗಿನ ತುದಿ ಮಂಜಿನ ಹಾಗಿತ್ತು. ಕಣ್ಣುಬಿಟ್ಟವನೇ ಬೀದಿಗೆಲ್ಲ ಕೇಳುವಂತೆ ಅಳತೊಡಗಿದ. ಸುಮ್ಮನಿರಿಸಲು ನನಗೆ ಮನಸ್ಸೇ ಬರಲಿಲ್ಲ.